ಕುರ್ಚಿ ಹಂಚಿದ ಅರಸು

1969ರ ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಸೇರಿತ್ತು. ಪಕ್ಷದ ರಾಷ್ಟ್ರೀಯ ಅಧ್ಯಕ್ಷರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ರಾಜ್ಯದ ಮುಖ್ಯಮಂತ್ರಿ ವೀರೇಂದ್ರ ಪಾಟೀಲ. ಪ್ರಧಾನಿ ಇಂದಿರಾ ಗಾಂಧಿ ಬ್ಯಾಂಕುಗಳ ರಾಷ್ಟ್ರೀಕರಣದ ವಿಚಾರ ಎತ್ತಿದ್ದು, ಹಿರಿಯರ ಗುಂಪು ಅವರ ಇಷ್ಟಕ್ಕೆ ವಿರುದ್ಧವಾಗಿ ರಾಷ್ಟ್ರಪತಿ ಸ್ಥಾನದ ಅಭ್ಯರ್ಥಿಯನ್ನು ಆರಿಸಿದ್ದು ಎಲ್ಲವೂ ಇಲ್ಲಿಯೇ. ಆ ವರ್ಷ ಮುಗಿಯುವ ಮೊದಲೇ ಪಕ್ಷ ಎರಡಾಯಿತು. ಮೈಸೂರು ರಾಜ್ಯದ ದೊಡ್ಡ ನಾಯಕರೆಲ್ಲ, ಅಂದರೆ ಹಣ, ಜಾತಿ, ಜಿಲ್ಲೆಗಳ ಮೇಲಿನ ಹಿಡಿತ ಮೂರೂ ಇದ್ದವರೆಲ್ಲ, ನಿಜಲಿಂಗಪ್ಪನವರ ಜೊತೆ ಉಳಿದರು. ಇಂದಿರಾ ಅವರ ಕಡೆ ನಿಂತ ಬೆರಳೆಣಿಕೆಯ ಮಂದಿಯಲ್ಲಿ ಹುಣಸೂರಿನ ಡಿ. ದೇವರಾಜ ಅರಸು ಒಬ್ಬರು.

ಅಂದು ಅವರನ್ನು ಯಾರೂ ಮುಖ್ಯಮಂತ್ರಿಯಾಗುವ ಆಳು ಎಂದು ಎಣಿಸಿರಲಿಲ್ಲ. ಎಣಿಸದೆ ಇರುವುದಕ್ಕೆ ಕಾರಣವೂ ಇತ್ತು. ರಾಜ್ಯದ ಏಕೀಕರಣವಾದ 1956ರಿಂದ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕುಳಿತವರು ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ಮತ್ತೆ ನಿಜಲಿಂಗಪ್ಪ, ವೀರೇಂದ್ರ ಪಾಟೀಲ. ನಾಲ್ವರೂ ಲಿಂಗಾಯತರು. ಏಕೀಕರಣದ ಮೊದಲು ಹಳೇ ಮೈಸೂರಿನಲ್ಲಿ ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ ಇದ್ದರು, ಒಕ್ಕಲಿಗರು. ಅರಸು ಅವರದು ಮೈಸೂರು ಅರಮನೆಯ ನೆಂಟಸ್ತಿಕೆಯ ಅರಸು ಸಮುದಾಯ. ಹೆಸರು ದೊಡ್ಡದು, ತಲೆ ಎಣಿಸಿದರೆ ರಾಜ್ಯದ ಯಾವ ಕ್ಷೇತ್ರದಲ್ಲೂ ಚುನಾವಣೆ ಗೆಲ್ಲುವಷ್ಟು ಜನ ಇಲ್ಲ. ತನ್ನ ಜಾತಿಯ ಓಟಿನಿಂದ ಗೆಲ್ಲಲಾಗದ ಮನುಷ್ಯ ಮೂವತ್ತು ವರ್ಷ ಚುನಾವಣೆ ಗೆಲ್ಲುತ್ತ ಬಂದ ಎಂಬುದರಲ್ಲೇ ಮುಂದಿನ ಕಥೆಯ ಬೀಜವಿತ್ತು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅವರ ಊರು. ಹುಟ್ಟಿದ್ದು 1915ರ ಆಗಸ್ಟ್ 20. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದು, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಡಿಗ್ರಿ ಕೈಯಲ್ಲಿದ್ದವನಿಗೆ ಮಹಾರಾಜರ ಸರ್ಕಾರದಲ್ಲಿ ನೌಕರಿ ಸಿಗುತ್ತಿದ್ದ ಕಾಲ ಅದು, ಅದರಲ್ಲೂ ಅರಸು ಮನೆತನದವನಿಗೆ. ಆದರೂ ಅವರು ಊರಿಗೆ ಮರಳಿ ಬೇಸಾಯಕ್ಕೆ ಇಳಿದರು. ತಮ್ಮ ಕೆಂಪರಾಜ ಅರಸು ಸಿನಿಮಾ ಹಿಡಿದರು. 1942ರಲ್ಲಿ ತೆರೆಕಂಡ ಗುಬ್ಬಿ ಕಂಪನಿಯವರ ‘ಜೀವನ ನಾಟಕ’ದಲ್ಲಿ ಅವರೇ ನಾಯಕ. ಅಣ್ಣ ಹಿಡಿದ ದಾರಿ ಬೇರೆ. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿಬಂದಾಗ ಅವರಿಗೆ ಇಪ್ಪತ್ತಾರು ವರ್ಷ.

ಅಲ್ಲಿಂದ ಮುಂದಿನ ಮೂರು ದಶಕಗಳನ್ನು ಅವರ ಚರಿತ್ರೆ ಬರೆಯುವವರು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ಸರಿಯಲ್ಲ. ಸ್ವಾತಂತ್ರ್ಯಾನಂತರದ ಮೊದಲ ಚುನಾವಣೆ 1952ರಲ್ಲಿ ನಡೆದಾಗ ಹುಣಸೂರಿನಿಂದ ಗೆದ್ದವರು ಮುಂದಿನ ಚುನಾವಣೆಗಳಲ್ಲೂ ಗೆಲ್ಲುತ್ತ ಬಂದರು. ಅರವತ್ತರ ದಶಕದಲ್ಲಿ ನಿಜಲಿಂಗಪ್ಪನವರ ಸಂಪುಟದಲ್ಲಿ ಸಚಿವರೂ ಆದರು. ಆದರೆ ಒಳಮನೆಗೆ ಅವರಿಗೆ ಪ್ರವೇಶವಿರಲಿಲ್ಲ. ಟಿಕೆಟ್ ಯಾರಿಗೆ, ಜಿಲ್ಲಾ ಬೋರ್ಡು ಯಾರಿಗೆ, ಸಹಕಾರಿ ಬ್ಯಾಂಕಿನ ಅಧ್ಯಕ್ಷಗಿರಿ ಯಾರಿಗೆ ಎಂಬುದು ತೀರ್ಮಾನವಾಗುತ್ತಿದ್ದ ಕೋಣೆಯ ಹೊಸ್ತಿಲಲ್ಲಿ ನಿಂತು ಮೂವತ್ತು ವರ್ಷ ನೋಡಿದರು. ಕುರುಬರು, ಈಡಿಗರು, ಬೆಸ್ತರು, ಮಡಿವಾಳರು, ಕುಂಬಾರರು, ಉಪ್ಪಾರರು, ಮುಸ್ಲಿಮರು, ಹೊಲೆಯ ಮಾದಿಗ ಕೇರಿಗಳವರು ಓಟು ಹಾಕುವ ದಿನ ಸಾಲಿನಲ್ಲಿ ನಿಲ್ಲುತ್ತಾರೆ, ಮರುದಿನ ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಇದನ್ನು ಅವರು ಪುಸ್ತಕ ಓದಿ ತಿಳಿದದ್ದಲ್ಲ.

ಪಕ್ಷ ಒಡೆದಾಗ ಇಂದಿರಾ ಬಣದ ಕೆಲಸ ರಾಜ್ಯದಲ್ಲಿ ಅವರ ಕೈಗೆ ಬಂತು. ಹಳಬರೆಲ್ಲ ಆಚೆ ಇದ್ದದ್ದರಿಂದ ಪಟ್ಟಿ ಖಾಲಿಯಿತ್ತು. ಇದು ಕಷ್ಟವೂ ಹೌದು, ಅವರ ಮಟ್ಟಿಗೆ ಮೊದಲ ಬಾರಿ ಸಿಕ್ಕ ಬಿಡುವೂ ಹೌದು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ ಬಂತು. ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು, ಒಂದು ವರ್ಷ ರಾಷ್ಟ್ರಪತಿ ಆಳ್ವಿಕೆ ನಡೆಯಿತು. 1972ರ ವಿಧಾನಸಭಾ ಚುನಾವಣೆಯಲ್ಲಿ 216ರಲ್ಲಿ 165 ಸ್ಥಾನ. ಆ ವರ್ಷದ ಮಾರ್ಚ್ 20ರಂದು, ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ, ಅರಸು ಮುಖ್ಯಮಂತ್ರಿಯಾದರು.

ಗೆದ್ದ ಸಂಖ್ಯೆಗಿಂತ ಗೆದ್ದವರ ಹೆಸರುಗಳನ್ನು ನೋಡಬೇಕು. ಗುರುಮಿಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಜೇವರ್ಗಿಯಿಂದ ಧರ್ಮಸಿಂಗ್, ಕಾರ್ಕಳದಿಂದ ವೀರಪ್ಪ ಮೊಯಿಲಿ, ಸೋಮವಾರಪೇಟೆಯಿಂದ ಗುಂಡೂರಾವ್. ಎಲ್ಲರೂ ಅದೇ ಮೊದಲ ಬಾರಿ ವಿಧಾನಸಭೆಯ ಮೆಟ್ಟಿಲು ಹತ್ತಿದವರು. ಒಬ್ಬರು ದಲಿತರು, ಒಬ್ಬರು ರಜಪೂತರು, ಒಬ್ಬರು ದೇವಾಡಿಗರು, ಒಬ್ಬರು ಬ್ರಾಹ್ಮಣರು. ಎಂಟು ವರ್ಷ ಕಳೆಯುವಷ್ಟರಲ್ಲಿ ಇವರಲ್ಲೊಬ್ಬರು ಮುಖ್ಯಮಂತ್ರಿ, ಮುಂದೆ ಮತ್ತಿಬ್ಬರು. ಖರ್ಗೆಯವರಂತೂ ದಶಕಗಳ ಕಾಲ ಒಂದೂ ಚುನಾವಣೆ ಸೋಲದೆ ಉಳಿದು, 2022ರಲ್ಲಿ ನಿಜಲಿಂಗಪ್ಪನವರು ಒಮ್ಮೆ ಕುಳಿತಿದ್ದ ಕಾಂಗ್ರೆಸ್ ಅಧ್ಯಕ್ಷರ ಸ್ಥಾನಕ್ಕೇ ಬಂದರು. ಲಿಂಗಾಯತ, ಒಕ್ಕಲಿಗರನ್ನು ಅರಸು ದೂರ ಇಟ್ಟರು ಎಂಬ ಮಾತು ನಿಜವಲ್ಲ. ಅವರ ಸಂಪುಟದಲ್ಲಿ ಇಬ್ಬರೂ ಇದ್ದರು. ಉಳಿದವರಿಗೂ ಕುರ್ಚಿ ಹಾಕಿಸಿದ್ದೇ ಕೆಲವರಿಗೆ ತಮ್ಮ ಕುರ್ಚಿ ಎಳೆದಂತೆ ಕಂಡಿತು.

ಅವರ ಆಳ್ವಿಕೆಯ ನಡುಮನೆ ಭೂಸುಧಾರಣೆ. ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಉಳುವವನೇ ಹೊಲದೊಡೆಯ ಎಂಬ ಮಾತು ಅರಸು ಅವರದಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲೇ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು. ಶಾಂತವೇರಿ ಗೋಪಾಲಗೌಡರು ಅದರ ಬೆನ್ನಿಗಿದ್ದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಆಮೇಲೆ ಜತ್ತಿ ಸಮಿತಿ ಬಂತು. 1961ರಲ್ಲಿ ಕಾಯ್ದೆಯೂ ಆಯಿತು. ಆದರೆ ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿ ಮಾಡುತ್ತೇನೆಂದು ಹೇಳಿ ಒಡೆಯ ಗೇಣಿ ನೆಲದ ಒಂದು ಪಾಲನ್ನು ಹಿಂದಕ್ಕೆ ಪಡೆಯಲು ಅದರಲ್ಲಿ ಅವಕಾಶವಿತ್ತು. ಕಾಗದಕ್ಕೂ ಜಾರಿಗೂ ನಡುವಿನ ವರ್ಷಗಳಲ್ಲಿ ಎಷ್ಟೋ ಒಕ್ಕಲು ಎದ್ದುಹೋದವು. ಗೇಣಿ ಚೀಟಿ ಇಲ್ಲದವನು ಗೇಣಿದಾರ ಎಂದು ತೋರಿಸುವುದಾದರೂ ಹೇಗೆ? ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು, ವಕೀಲರನ್ನು ಹಿಡಿಯಬೇಕು. ಎದುರಾಳಿ ಒಡೆಯ. ವಕೀಲನ ಫೀಸಿಗೆ ಸಾಲ ಕೇಳಬೇಕಾದದ್ದೂ ಅದೇ ಒಡೆಯನ ಹತ್ತಿರ.

ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಯಿತು. ಗೇಣಿಯಲ್ಲಿದ್ದ ನೆಲವೆಲ್ಲ ಆ ದಿನದಿಂದ ಸರ್ಕಾರದ್ದು. ಉಳುತ್ತಿದ್ದವನು ಅರ್ಜಿ ಹಾಕಿದರೆ ವಿಚಾರಣೆ ನಡೆಸಿ ಅವನ ಹೆಸರಿಗೆ ಅಧಿಭೋಗದ ಹಕ್ಕು. ಒಡೆಯ ಹಿಂದಕ್ಕೆ ಪಡೆಯುವ ದಾರಿಯನ್ನು ಮುಚ್ಚಿದರು. ಕುಟುಂಬವೊಂದಕ್ಕೆ ಹತ್ತು ಯೂನಿಟ್ಟಿನ ಮಿತಿ, ಖುಷ್ಕಿಯಾದರೆ 54 ಎಕರೆ. ಕಾಫಿ, ಏಲಕ್ಕಿ, ಟೀ, ರಬ್ಬರಿನಂಥ ತೋಟಗಳನ್ನು ಮಿತಿಯಿಂದ ಹೊರಗಿಟ್ಟರು. ಕೊಡಗು ಚಿಕ್ಕಮಗಳೂರಿನ ಎಸ್ಟೇಟುಗಳು ಹಾಗೆಯೇ ಉಳಿದವು. ಇದು ಕಾಯ್ದೆಯ ದೊಡ್ಡ ಬಿರುಕು, ಆಗಲೂ ಹೇಳಿದರು, ಈಗಲೂ ಹೇಳಬೇಕು.

ಆದರೆ ಅರಸು ಅವರ ಮೂವತ್ತು ವರ್ಷದ ಅನುಭವ ಕಾಣುವುದು ನ್ಯಾಯಮಂಡಳಿಯ ರಚನೆಯಲ್ಲಿ. ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ. ಅಧ್ಯಕ್ಷರು ಉಪವಿಭಾಗಾಧಿಕಾರಿ, ಜನರ ಬಾಯಲ್ಲಿ ಎ.ಸಿ. ಸಾಹೇಬರು. ಅವರ ಜೊತೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ವಕೀಲರಿಗೆ ಪ್ರವೇಶವಿಲ್ಲ. ಸಿವಿಲ್ ಕೋರ್ಟಿಗೆ ಕೈಹಾಕುವ ಅಧಿಕಾರವಿಲ್ಲ. ತೀರ್ಪು ಒಪ್ಪಿಗೆಯಾಗದಿದ್ದರೆ ಹೈಕೋರ್ಟಿಗೆ ರಿಟ್ ಹಾಕಬಹುದು, ಅಷ್ಟೆ. ವಕೀಲರನ್ನು ಹೊರಗಿಟ್ಟದ್ದನ್ನು ಮುಂದೆ 1987ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಷ್ಟರಲ್ಲಿ ಬಹುಪಾಲು ಕೆಲಸ ಮುಗಿದಿತ್ತು.

ಆ ಕೋಣೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಬಂಟ್ವಾಳವೋ ಕುಂದಾಪುರವೋ ಸಾಗರವೋ, ಯಾವುದಾದರೂ ಒಂದು ತಾಲ್ಲೂಕು ಕಚೇರಿ. ಮುಡಿ ಲೆಕ್ಕದಲ್ಲಿ ಗೇಣಿ ಅಕ್ಕಿ ಅಳೆದುಕೊಟ್ಟು, ಧಣಿಗಳ ಮನೆಯ ಅಂಗಳದಲ್ಲಿ ಕೈಕಟ್ಟಿ ನಿಂತು ಅಭ್ಯಾಸವಾದ ಒಕ್ಕಲು ಒಂದು ಕಡೆ. ಧಣಿ ಇನ್ನೊಂದು ಕಡೆ. ಎದುರು ಮೇಜಿನ ಹಿಂದೆ ಕುಳಿತ ಐವರಲ್ಲಿ ಒಬ್ಬ, ಇಬ್ಬರೂ ತಮ್ಮ ಜಗಲಿ ಹತ್ತಿಸದ ಜಾತಿಯವನು. ಆತ ಕೇಳುತ್ತಾನೆ: ಈ ಗದ್ದೆಯ ಪಕ್ಕದವರು ಯಾರು, ನಾಟಿಗೆ ಯಾರು ಬಂದಿದ್ದರು, ಬೀಜ ಯಾರದು? ಪಹಣಿಯಲ್ಲಿ ಹೆಸರಿಲ್ಲದಿದ್ದರೂ ನೆರೆಯವರ ಮಾತು ಸಾಕ್ಷಿಯಾಗುತ್ತದೆ. ಕರಾವಳಿ, ಮಲೆನಾಡಿನ ಹಳೆಯ ತಲೆಗಳು ಇಂದಿಗೂ ಅದನ್ನು ‘ಡಿಕ್ಲರೇಶನ್ ಕೊಟ್ಟ ವರ್ಷ’ ಎಂದೇ ನೆನೆಯುತ್ತಾರೆ. ಸರ್ಕಾರಿ ಕಡತದಲ್ಲಿ ಆ ಡಿಕ್ಲರೇಶನ್ನಿನ ಹೆಸರು ಫಾರಂ ನಂಬರ್ 7. ಅರ್ಜಿ ಹಾಕುವ ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿ 1979ರ ಜೂನ್ 30ರವರೆಗೆ ಒಯ್ದರು. ಅಂಜಿಕೆಯಿಂದ ಮೊದಲ ವರ್ಷ ಹಾಕದೆ ಸುಮ್ಮನಿದ್ದವರು ಪಕ್ಕದ ಮನೆಯವನಿಗೆ ಹಕ್ಕುಪತ್ರ ಬಂದದ್ದು ನೋಡಿ ಧೈರ್ಯ ತಂದುಕೊಂಡು ಹಾಕಿದರು. ರಾಜ್ಯದಾದ್ಯಂತ ಬಂದ ಅರ್ಜಿ ಸುಮಾರು 8 ಲಕ್ಷ. ಅರ್ಧಕ್ಕಿಂತ ಹೆಚ್ಚು ಉಳುವವರ ಪರವಾಗಿ ತೀರ್ಮಾನವಾದವು.

ಅರಸು ದಿಲ್ಲಿಯಿಂದ ಬಂದ ಘೋಷಣೆಯನ್ನು ಪುನರುಚ್ಚರಿಸಿದರು, ಇಂದಿರಾ ಅಲೆಯ ಮೇಲೆ ತೇಲಿದರು ಎನ್ನುವವರಿದ್ದಾರೆ. ಆದರೆ ಇಂದಿರಾ ಅವರ ಇಪ್ಪತ್ತು ಅಂಶಗಳ ಕಾರ್ಯಕ್ರಮ ಎಲ್ಲ ರಾಜ್ಯಗಳಿಗೂ ಒಂದೇ ಇತ್ತು. ಅದೇ ವರ್ಷಗಳಲ್ಲಿ ಬೇರೆ ಎಷ್ಟೋ ಕಾಂಗ್ರೆಸ್ ರಾಜ್ಯಗಳಲ್ಲಿ ಭೂಸುಧಾರಣೆ ಕಡತದಲ್ಲೇ ಉಳಿಯಿತು. ಇಲ್ಲಿ ಅದು ಗದ್ದೆಗೆ ಇಳಿಯಿತು. ವ್ಯತ್ಯಾಸ ಆದದ್ದು ನ್ಯಾಯಮಂಡಳಿಯ ಆ ನಾಲ್ಕು ಕುರ್ಚಿಗಳಿಂದ ಎಂದೇ ಈ ಬರಹದ ನಂಬಿಕೆ. ಯಾವ ತಾಲ್ಲೂಕಿನಲ್ಲಿ ಯಾರನ್ನು ಕೂರಿಸಿದರೆ ಒಡೆಯನ ಮುಖ ನೋಡಿ ಬೆದರುವುದಿಲ್ಲ ಎಂಬುದು ಕಾನೂನು ಇಲಾಖೆಗೆ ಗೊತ್ತಿರುವ ವಿಷಯವಲ್ಲ. ಅದು ಹಳ್ಳಿ ಸುತ್ತಿದವನಿಗೆ ಮಾತ್ರ ಗೊತ್ತಿರುತ್ತದೆ.

ನಷ್ಟವಾದವರೂ ಇದ್ದರು. ಕರಾವಳಿಯಲ್ಲಿ ಮೂರ್ನಾಲ್ಕು ಎಕರೆ ಗೇಣಿ ಗದ್ದೆಯನ್ನೇ ನಂಬಿದ್ದ ವಿಧವೆಯರು, ದೇವಸ್ಥಾನದ ಅರ್ಚಕರು, ಸಣ್ಣ ನೌಕರಿಗಾಗಿ ಊರು ಬಿಟ್ಟಿದ್ದವರು ನೂರಾರು ಎಕರೆಯ ಜಮೀನ್ದಾರರ ಸಾಲಿನಲ್ಲೇ ನಿಂತು ನೆಲ ಕಳೆದುಕೊಂಡರು. ಪರಿಹಾರ ಬಂದದ್ದು ಅಲ್ಪ, ಅದೂ ತಡವಾಗಿ. ಎಷ್ಟೋ ಮನೆಗಳ ಮಕ್ಕಳು ಬೆಂಗಳೂರು, ಮುಂಬಯಿಯ ಹೋಟೆಲು, ಬ್ಯಾಂಕುಗಳ ದಾರಿ ಹಿಡಿದರು. ಆ ಮನೆಗಳಲ್ಲಿ ಅರಸು ಹೆಸರನ್ನು ಇಂದಿಗೂ ನೋವಿನಿಂದಲೇ ಹೇಳುತ್ತಾರೆ, ಆ ನೋವು ಸುಳ್ಳಲ್ಲ. ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ಗೇಣಿದಾರನಿಗೆ ನೆಲ ಬಂತು. ಗೇಣಿಯೂ ಇಲ್ಲದೆ ಬರಿ ಕೂಲಿಗೆ ದುಡಿಯುತ್ತಿದ್ದವನಿಗೆ ಬರಲಿಲ್ಲ. ಹಾಗೆ ದುಡಿಯುತ್ತಿದ್ದವರಲ್ಲಿ ದೊಡ್ಡ ಪಾಲು ದಲಿತರು. ಅವರಿಗೆ ಕೃಷಿ ಕಾರ್ಮಿಕರೆಂದು ಮನೆ ಕಟ್ಟಿಕೊಂಡಿದ್ದ ಜಾಗದ ಹಕ್ಕು ಸಿಕ್ಕಿತು, ಜನತಾ ಮನೆಗಳು ಬಂದವು, ಸಾಲ ಪರಿಹಾರ ಕಾಯ್ದೆಯಿಂದ 1976ರಲ್ಲಿ ಗಿರವಿ ಇಟ್ಟ ತಪ್ಪಲೆ, ಬಟ್ಟಲು, ಮೂಗುಬೊಟ್ಟು ಮನೆಗೆ ಮರಳಿದವು, ಜೀತದಾಳುಗಳ ಬಿಡುಗಡೆಯಾಯಿತು. ನೆಲ ಮಾತ್ರ ಇಲ್ಲ. 1978ರ ಪಿಟಿಸಿಎಲ್ ಕಾಯ್ದೆ ಬಂದ ಮೇಲೆ, ಸರ್ಕಾರ ದಲಿತರಿಗೆ ಮಂಜೂರು ಮಾಡಿ ಆಮೇಲೆ ಬೇರೆಯವರ ಪಾಲಾಗಿದ್ದ ಜಮೀನನ್ನು ಹಿಂದಕ್ಕೆ ಕೊಡಿಸುವ ದಾರಿ ತೆರೆಯಿತು.

ಪಿಟಿಸಿಎಲ್ ಜೊತೆ ಬಿ. ಬಸವಲಿಂಗಪ್ಪನವರ ಹೆಸರು ಸೇರಿಕೊಂಡಿದೆ. ಅವರನ್ನು ನೆನೆಯದೆ ಅರಸು ಯುಗದ ಮಾತು ಮುಗಿಯುವುದಿಲ್ಲ. ಮನುಷ್ಯ ಮನುಷ್ಯನ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಿದ ಸಚಿವರು ಅವರು. 1973ರ ನವೆಂಬರ್ ಒಂದರಂದು ಮೈಸೂರು ರಾಜ್ಯ ಕರ್ನಾಟಕ ಎಂಬ ಹೆಸರು ಪಡೆಯಿತು. ಅದೇ ತಿಂಗಳು ಮೈಸೂರಿನಲ್ಲಿ ಮಾತನಾಡುತ್ತ ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ದಲಿತ ಹುಡುಗರು ಇಂಗ್ಲಿಷ್ ಕಲಿಯಬೇಕು ಎಂಬುದು ಅವರ ಆಗ್ರಹವಾಗಿತ್ತು. ರಾಜ್ಯ ಹತ್ತಿಕೊಂಡಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಹಾಸ್ಟೆಲ್‌ಗಳಲ್ಲಿ ದಲಿತ ಹುಡುಗರಿಗೆ ಏಟು ಬಿತ್ತು. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಮುಖ್ಯಮಂತ್ರಿ ಅಂದು ತಮ್ಮ ಸಚಿವರ ಹೆಗಲಿಗೆ ಹೆಗಲು ಕೊಟ್ಟು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸರ್ಕಾರ ಉಳಿಸಿಕೊಳ್ಳುವ ಲೆಕ್ಕ ಗೆದ್ದಿತು. ಬೀದಿಯಲ್ಲಿ ಏಟು ತಿಂದ ಹುಡುಗರು ಮಾತ್ರ ಸುಮ್ಮನಾಗಲಿಲ್ಲ, ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಆ ಕಾವಿನಲ್ಲಿ.

ಮೀಸಲಾತಿಯ ವಿಷಯದಲ್ಲಿ ಅವರು ಹಿಂಜರಿಯಲಿಲ್ಲ. ಅಧಿಕಾರಕ್ಕೆ ಬಂದ ಐದನೆಯ ತಿಂಗಳಲ್ಲೇ, 1972ರ ಆಗಸ್ಟಿನಲ್ಲಿ, ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚಿಸಿದರು. ಹಾವನೂರರು ಬೇಡ ಸಮುದಾಯದಲ್ಲಿ ಹುಟ್ಟಿ ವಕೀಲರಾದವರು. ಯಾವ ಜಾತಿ ಎಷ್ಟು ಹಿಂದುಳಿದಿದೆ ಎಂಬುದನ್ನು ಊಹೆಯ ಮೇಲೆ ಹೇಳದೆ, ಆಯ್ದ ಹಳ್ಳಿಗಳಿಗೆ ಹೋಗಿ ಮನೆಮನೆಯ ಸಮೀಕ್ಷೆ ಮಾಡಿಸಿದರು. ಎಸ್ಸೆಸ್ಸೆಲ್ಸಿ ಪಾಸಾದವರೆಷ್ಟು, ಸರ್ಕಾರಿ ನೌಕರಿಯಲ್ಲಿರುವವರೆಷ್ಟು ಎಂದು ಜಾತಿವಾರು ಲೆಕ್ಕ ತೆಗೆದರು. ನಾಲ್ಕು ಸಂಪುಟಗಳ ವರದಿ 1975ರ ನವೆಂಬರಿನಲ್ಲಿ ಬಂತು. ಕಚೇರಿಯ ಜವಾನನ ಕೆಲಸಕ್ಕೂ ತಮ್ಮವರು ಒಬ್ಬರೂ ಸೇರಿಲ್ಲ ಎಂಬ ಜಾತಿಗಳು ರಾಜ್ಯದಲ್ಲಿ ಎಷ್ಟಿವೆ ಎಂಬುದು ಮೊದಲ ಬಾರಿಗೆ ಅಚ್ಚಿನಲ್ಲಿ ಕಂಡಿತು.

ಲಿಂಗಾಯತರನ್ನು ಪಟ್ಟಿಯಿಂದ ಬಿಟ್ಟದ್ದಕ್ಕೆ ದೊಡ್ಡ ಪ್ರತಿಭಟನೆ ನಡೆಯಿತು. ಅರಸು ವರದಿಯನ್ನು ಹಾಗೆಯೇ ಎತ್ತಿಕೊಳ್ಳಲಿಲ್ಲ. 1977ರ ಫೆಬ್ರವರಿಯಲ್ಲಿ ಹೊರಡಿಸಿದ ಆದೇಶದಲ್ಲಿ ಹಿಂದುಳಿದ ಸಮುದಾಯಗಳಿಗೆ ಶೇ. 20, ಹಿಂದುಳಿದ ಜಾತಿಗಳಿಗೆ ಶೇ. 10, ಹಿಂದುಳಿದ ಬುಡಕಟ್ಟುಗಳಿಗೆ ಶೇ. 5 ಎಂದು ಹಂಚಿದರು. ಮುಸ್ಲಿಮರನ್ನು ಒಳಗೆ ಸೇರಿಸಿದರು. ಇವೆಲ್ಲದರ ಮೇಲೆ ಶೇ. 5ರಷ್ಟನ್ನು ‘ವಿಶೇಷ ಗುಂಪು’ ಎಂದು ತೆಗೆದಿಟ್ಟರು: ಜಾತಿ ಯಾವುದೇ ಇರಲಿ, ಬಡ ಸಾಗುವಳಿದಾರ, ಕುಶಲಕರ್ಮಿ, ಸಣ್ಣ ವ್ಯಾಪಾರಿ, ಕೂಲಿಯ ಮಕ್ಕಳಿಗೆ. ದೇಶದಲ್ಲಿ ಮಂಡಲ್ ಆಯೋಗ ಇನ್ನೂ ರಚನೆಯಾಗಿರಲಿಲ್ಲ. ಮೇಲ್ಜಾತಿಯ ಬಡವನಿಗೆ ಪ್ರತ್ಯೇಕ ಮೀಸಲಾತಿ ಎಂಬುದು ಸಂವಿಧಾನಕ್ಕೆ ಸೇರಲು ಇನ್ನೂ ನಾಲ್ಕು ದಶಕ ಬೇಕಿತ್ತು. ಹಾವನೂರರು ಮುಂದೆ ಅರಸು ಸಂಪುಟದಲ್ಲೇ ಕಾನೂನು ಸಚಿವರಾದರು.

ನೌಕರಿಯ ಮೀಸಲಾತಿ ಪಡೆಯಬೇಕಾದರೆ ಮೊದಲು ಹುಡುಗ ಓದಬೇಕು, ಓದಬೇಕಾದರೆ ಪಟ್ಟಣದಲ್ಲಿ ಎರಡು ಹೊತ್ತಿನ ಊಟ, ಮಲಗಲು ಜಾಗ ಬೇಕು. ಹಿಂದುಳಿದ ವರ್ಗಗಳ ಇಲಾಖೆ ಪ್ರತ್ಯೇಕವಾಗಿ ಆರಂಭವಾದದ್ದು 1977ರಲ್ಲಿ, ಅರಸು ಕಾಲದಲ್ಲಿ. ತಾಲ್ಲೂಕು ಕೇಂದ್ರಗಳ ಬಿಸಿಎಂ ಹಾಸ್ಟೆಲ್ಲುಗಳು ಅದರ ಬೆಳೆ. ಮುದ್ದೆ ಸಾರು ಉಂಡು, ಚಾಪೆಯ ಮೇಲೆ ಸಾಲಾಗಿ ಮಲಗಿ ಓದಿದ ಆ ಹುಡುಗರು ಇಂದು ರಾಜ್ಯದ ಮೇಷ್ಟರು, ಇಂಜಿನಿಯರು, ತಹಸೀಲ್ದಾರರು. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕುಳಿತವರನ್ನು ಸ್ಟೈಪೆಂಡಿಯರಿ ಎಂಬ ಹೆಸರಿನಲ್ಲಿ ಸರ್ಕಾರಿ ಕಚೇರಿಗಳಿಗೆ ತೆಗೆದುಕೊಂಡರು. ಆಡಳಿತದ ಶಿಸ್ತು ಕೆಡುತ್ತದೆ ಎಂದು ಹಲವರು ಗೊಣಗಿದರು. ಒಳಗೆ ಬಂದವರಲ್ಲಿ ಹೆಚ್ಚಿನವರು ತಮ್ಮ ಮನೆತನದಲ್ಲಿ ಸಂಬಳದ ಕೆಲಸಕ್ಕೆ ಸೇರಿದ ಮೊದಲಿಗರು.

ತುರ್ತುಪರಿಸ್ಥಿತಿಯ ಪುಟವನ್ನು ಹಾರಿಸಿ ಅರಸು ಅವರನ್ನು ಹೊಗಳುವುದು ಅವರಿಗೆ ಮಾಡುವ ಗೌರವವಲ್ಲ. 1975ರ ಜೂನ್ 26ರಂದು ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಲ್ಲೇ ಬಂಧಿತರಾದರು. ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡ, ಜೆ.ಎಚ್. ಪಟೇಲ್ ಜೈಲಿನಲ್ಲಿದ್ದರು. ಮೂವರೂ ಮುಂದೆ ಮುಖ್ಯಮಂತ್ರಿಗಳಾದವರು. ‘ಸಂಸ್ಕಾರ’ ಚಿತ್ರದ ನಾಯಕಿ ಸ್ನೇಹಲತಾ ರೆಡ್ಡಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಉಬ್ಬಸದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಉತ್ತರ ಭಾರತದಲ್ಲಿ ನಡೆದಂಥ ಬಲವಂತದ ಸಂತಾನಹರಣದ ಕ್ರೌರ್ಯ ಇಲ್ಲಿ ಆ ಮಟ್ಟಕ್ಕೆ ಹೋಗಲಿಲ್ಲ ಎನ್ನುವುದುಂಟು. ಸ್ನೇಹಲತಾ ನರಳಿದ ಜೈಲಿನ ಜಾಗದಲ್ಲಿ ಈಗ ಫ್ರೀಡಂ ಪಾರ್ಕ್ ಇದೆ. ಅವರ ಸಾವು ಅರಸು ಸರ್ಕಾರದ ಲೆಕ್ಕದಲ್ಲೇ ಉಳಿಯುತ್ತದೆ.

1977ರಲ್ಲಿ ದೇಶದಲ್ಲಿ ಇಂದಿರಾ ಸೋತರು, ಉತ್ತರದಲ್ಲಿ ಕಾಂಗ್ರೆಸ್ ಗುಡಿಸಿಹೋಯಿತು. ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿನದು. ಕೇಂದ್ರದ ಜನತಾ ಸರ್ಕಾರ ಅರಸು ಮೇಲಿನ ಭ್ರಷ್ಟಾಚಾರ, ಸ್ವಜನಪಕ್ಷಪಾತದ ಆರೋಪಗಳ ತನಿಖೆಗೆ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗ ನೇಮಿಸಿತು. ರಾಜ್ಯ ಸರ್ಕಾರ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ ಸೋತಿತು. ಆರೋಪಗಳು ಬರಿ ರಾಜಕೀಯದವಲ್ಲ. ಹುಲಕೋಟಿಯ ಕೆ.ಎಚ್. ಪಾಟೀಲರಂಥ ಸ್ವಪಕ್ಷದ ಹಿರಿಯರೂ ಅವರಿಗೆ ಎದುರಾಗಿದ್ದರು. ಹೊಸಬರನ್ನು ನಿಲ್ಲಿಸಲು, ಅವರನ್ನು ಜೊತೆಯಲ್ಲಿ ಇಟ್ಟುಕೊಳ್ಳಲು ಹಣ ಬೇಕಿತ್ತು, ಆ ಹಣ ಎಲ್ಲಿಂದ ಬಂತೆಂಬ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ. ಬಹುಮತ ಹೋಯಿತೆಂಬ ರಾಜ್ಯಪಾಲರ ವರದಿಯ ಮೇಲೆ 1977ರ ಡಿಸೆಂಬರ್ 31ರಂದು ಸರ್ಕಾರವನ್ನು ವಜಾ ಮಾಡಿದರು. ಎರಡು ತಿಂಗಳಲ್ಲೇ ಚುನಾವಣೆ ನಡೆದು, 224ರಲ್ಲಿ 149 ಸ್ಥಾನದೊಂದಿಗೆ 1978ರ ಫೆಬ್ರವರಿ 28ರಂದು ಅವರು ಮರಳಿ ಬಂದರು. ಭೂ ನ್ಯಾಯಮಂಡಳಿಯ ಎದುರು ನಿಂತಿದ್ದವರ ಓಟು ಅದು.

ಅದೇ ವರ್ಷ ನವೆಂಬರಿನ ಚಿಕ್ಕಮಗಳೂರು ಉಪಚುನಾವಣೆ ಅರಸು ಸಂಘಟನೆಯ ಕೊನೆಯ ದೊಡ್ಡ ಗೆಲುವು. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಸ್ಥಾನದಲ್ಲಿ ಇಂದಿರಾ ನಿಂತರು. ಎದುರಾಳಿ ವೀರೇಂದ್ರ ಪಾಟೀಲ. ಇಂದಿರಾ ಗೆದ್ದ ಅಂತರ 70,000 ಓಟು ದಾಟಿತು. ಸಂಸತ್ತಿಗೆ ಮರಳುವ ಬಾಗಿಲನ್ನು ಅವರಿಗೆ ತೆರೆದುಕೊಟ್ಟ ರಾಜ್ಯ ಕರ್ನಾಟಕ, ತೆರೆದವರು ಅರಸು.

ಏಳು ತಿಂಗಳಲ್ಲಿ ಇಬ್ಬರೂ ಬೇರೆಯಾದರು. ಸಂಜಯ್ ಗಾಂಧಿ ಮತ್ತೆ ತಲೆ ಎತ್ತಿದ್ದು ಅರಸು ಅವರಿಗೆ ಸಹಿಸಲಾಗಲಿಲ್ಲ. ರಾಜ್ಯದಲ್ಲಿ ಸರ್ಕಾರ, ಪಕ್ಷ ಎರಡೂ ಒಬ್ಬರ ಕೈಯಲ್ಲಿರುವುದು ದಿಲ್ಲಿಗೆ ಸಹ್ಯವಾಗಲಿಲ್ಲ. 1979ರ ಜೂನಿನಲ್ಲಿ ಅವರನ್ನು ಪಕ್ಷದಿಂದ ಹೊರಹಾಕಿದರು. ಶಾಸಕರಲ್ಲಿ ಬಹುಪಾಲು ಜನ ಅವರ ಜೊತೆ ಉಳಿದದ್ದರಿಂದ ಸರ್ಕಾರ ಬೀಳಲಿಲ್ಲ. ಕಾಂಗ್ರೆಸ್ಸಿನ ಇನ್ನೊಂದು ಬಣಕ್ಕೆ ಅವರು ರಾಷ್ಟ್ರೀಯ ಅಧ್ಯಕ್ಷರಾದರು. ಅದಕ್ಕೆ ಅರಸು ಕಾಂಗ್ರೆಸ್ ಎಂದೇ ಹೆಸರಾಯಿತು. ರಾಜ್ಯದಲ್ಲಿ ತಾನು ಕಟ್ಟಿದ ಜನಬೆಂಬಲ ತನ್ನದು, ಇಂದಿರಾ ಅವರದಲ್ಲ ಎಂದು ಅವರು ನಂಬಿದ್ದರು. ನಂಬಲು ಕಾರಣಗಳೂ ಇದ್ದವು.

1980ರ ಜನವರಿಯ ಲೋಕಸಭಾ ಚುನಾವಣೆ ಆ ನಂಬಿಕೆಯನ್ನು ಒಂದೇ ದಿನದಲ್ಲಿ ಮುರಿಯಿತು. ರಾಜ್ಯದ 28ರಲ್ಲಿ 27 ಇಂದಿರಾ ಅವರಿಗೆ, ಒಂದು ಜನತಾ ಪಕ್ಷಕ್ಕೆ. ಅರಸು ಪಕ್ಷಕ್ಕೆ ಒಂದೂ ಇಲ್ಲ. ಭೂಮಿ ಪಡೆದ ರೈತ ಹಕ್ಕುಪತ್ರವನ್ನು ಇಂದಿರಮ್ಮನ ಹೆಸರಿನಲ್ಲಿ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಫಲಿತಾಂಶ ಬಂದ ದಿನಗಳಲ್ಲೇ ಶಾಸಕರು ಸಾಲುಸಾಲಾಗಿ ಪಕ್ಷ ಬದಲಿಸಿದರು. ಅರಸು ರಾಜೀನಾಮೆ ಕೊಟ್ಟರು. ಜನವರಿ 12ರಂದು ಗುಂಡೂರಾವ್ ಮುಖ್ಯಮಂತ್ರಿಯಾದರು. ಎದ್ದುಹೋದವರಲ್ಲಿ ಹೆಚ್ಚಿನವರು ಅರಸು ಟಿಕೆಟ್ ಕೊಟ್ಟು ಬೆಳೆಸಿದವರೇ. ಇದನ್ನು ಕೃತಘ್ನತೆ ಎಂದು ಬರೆದವರು ಬಹಳ. ಅದರಲ್ಲಿ ನಿಜವಿದೆ. ಆದರೆ ಮನೆಯಲ್ಲಿ ಜಮೀನೂ ಇಲ್ಲದೆ, ಮಠದ ಬೆಂಬಲವೂ ಇಲ್ಲದೆ, ಸಂಖ್ಯೆಯ ಬಲವೂ ಇಲ್ಲದೆ ರಾಜಕೀಯಕ್ಕೆ ಬಂದವನಿಗೆ ಅಧಿಕಾರದ ಹೊರಗೆ ನಿಲ್ಲಲು ಜಾಗವೇ ಇರುವುದಿಲ್ಲ. ಅಂಥವರಿಗೆ ಅರಸು ಕುರ್ಚಿ ಕೊಟ್ಟರು. ಕುರ್ಚಿ ಹೋದಾಗ ಕಾಲೂರಿ ನಿಲ್ಲುವ ನೆಲ, ಅಂದರೆ ಇಂದಿರಾ ಹೆಸರಿನ ಆಸರೆ ಬೇಡದ ಸ್ವಂತ ಸಂಘಟನೆ, ಕಟ್ಟಲು ಅವರಿಗೆ ವೇಳೆ ಸಾಲಲಿಲ್ಲ.

ಕೊನೆಯ ಎರಡು ವರ್ಷ ಅದನ್ನೇ ಕಟ್ಟಲು ನೋಡಿದರು. ಕರ್ನಾಟಕ ಕ್ರಾಂತಿರಂಗ ಎಂಬ ಪ್ರಾದೇಶಿಕ ಪಕ್ಷ ಹುಟ್ಟಿತು. 1982ರ ಜೂನ್ 6ರಂದು ಅವರು ತೀರಿಕೊಂಡರು. ಏಳು ತಿಂಗಳ ನಂತರ ನಡೆದ ಚುನಾವಣೆಯಲ್ಲಿ ಬಂಗಾರಪ್ಪನವರ ಮುಂದಾಳತ್ವದ ಕ್ರಾಂತಿರಂಗ ಜನತಾ ಪಕ್ಷದ ಜೊತೆ ಸೇರಿ 95 ಸ್ಥಾನ ಪಡೆಯಿತು. ಕಾಂಗ್ರೆಸ್ಸಿಗೆ 82. ಕರ್ನಾಟಕದಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡದ್ದು ಅದೇ ಮೊದಲು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು.

ಅವರ ಕಾಯ್ದೆಯ ಕೆಲವು ಕಲಮುಗಳು ಈಗ ಇಲ್ಲ. ಕೃಷಿಕರಲ್ಲದವರು, ಕಂಪನಿಗಳು ಸಾಗುವಳಿ ಜಮೀನು ಕೊಳ್ಳುವುದನ್ನು ತಡೆಯಲು 1974ರಲ್ಲಿ ಸೇರಿಸಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದರು. ರೈತ ಸಂಘಗಳು ಬೀದಿಗಿಳಿದವು. ಹೆಸರು ಮಾತ್ರ ಎಲ್ಲ ಕಡೆ ಇದೆ: ಮೈಸೂರಿನ ದೊಡ್ಡ ಅಂಗಡಿ ಬೀದಿಗೆ, ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಕ್ಕೆ, ಆರ್.ಎಲ್. ಜಾಲಪ್ಪ ಕೋಲಾರದ ಟಮಕದಲ್ಲಿ 1986ರಲ್ಲಿ ಆರಂಭಿಸಿದ ಮೆಡಿಕಲ್ ಕಾಲೇಜಿಗೆ.

ಅರಸು ಕೈಕೆಳಗೆ ಸಚಿವರಾಗಿಯೋ ಶಾಸಕರಾಗಿಯೋ ಇದ್ದವರಲ್ಲಿ ಗುಂಡೂರಾವ್, ಬಂಗಾರಪ್ಪ, ವೀರಪ್ಪ ಮೊಯಿಲಿ, ಎಸ್.ಎಂ. ಕೃಷ್ಣ, ಧರ್ಮಸಿಂಗ್ ಐವರೂ ಮುಖ್ಯಮಂತ್ರಿಗಳಾದರು. ಐವರಲ್ಲಿ ಒಬ್ಬರಿಗೂ ಐದು ವರ್ಷದ ಪೂರ್ತಿ ಅವಧಿ ಸಿಗಲಿಲ್ಲ. ಅರಸು ನಂತರ ಅದನ್ನು ಪೂರೈಸಿದ ಮೊದಲಿಗರು, 2013ರಿಂದ 2018ರವರೆಗೆ, ಅದೇ ಮೈಸೂರು ಜಿಲ್ಲೆಯ ಕುರುಬರ ಮನೆಯಿಂದ ಬಂದ ಸಿದ್ದರಾಮಯ್ಯ. ಅವರು ಅರಸು ಪಕ್ಷದವರಲ್ಲ. ವಿಧಾನಸಭೆಗೆ ಮೊದಲ ಬಾರಿ ಆರಿಸಿಬಂದದ್ದು ಕ್ರಾಂತಿರಂಗ ಎದುರಿಸಿದ 1983ರ ಅದೇ ಚುನಾವಣೆಯಲ್ಲಿ, ಹುಣಸೂರಿಗೆ ದೂರವಲ್ಲದ ಚಾಮುಂಡೇಶ್ವರಿ ಕ್ಷೇತ್ರದಿಂದ.